ಅಂಕ ಬೇಕು, ಕೊಟ್ಟವರ ಹೆಸರು ಬೇಡ

ಗುರುತು ಪರಿಚಯ ಇಲ್ಲದವನ ಕಂಪ್ಯೂಟರ್‌ನಿಂದ ಒಂದು ಫೈಲ್ ಇಳಿಸಿಕೊಳ್ಳಬೇಕು. ಅವನನ್ನು ನಂಬಬಹುದಾ? ಅವನ ಜೊತೆ ಮೊದಲೇ ವ್ಯವಹರಿಸಿದವರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ತಾವು ಹೇಳಿದ್ದು ಅವನ ಕಿವಿಗೂ ಬೀಳುತ್ತದೆ ಅಂತಾದರೆ ಯಾರು ತಾನೇ ಕೆಟ್ಟದ್ದು ಹೇಳುತ್ತಾರೆ?

ಆನ್‌ಲೈನ್ ಮಾರುಕಟ್ಟೆ ಇಬೇಯಲ್ಲಿ ಆಗಿದ್ದೂ ಇದೇ. ಅಲ್ಲಿ ಕೊಂಡವರು, ಮಾರಿದವರು ಪರಸ್ಪರ ಬಹಿರಂಗವಾಗಿ ಅಂಕ ಕೊಡುತ್ತಿದ್ದರು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಹೊಗಳಿಕೆ. ಲೋಕದಲ್ಲಿ ಅಷ್ಟೊಂದು ಒಳ್ಳೆಯವರು ಇರಲಿಕ್ಕಿಲ್ಲ. ನೀನು ಬೈದರೆ ನಾನೂ ಬೈಯುತ್ತೇನೆ ಎಂಬ ಭಯವೂ ಅದರಲ್ಲಿತ್ತು. ಕೊಂಡವರಿಗೆ ಮಾರುವವರು ಕೆಟ್ಟ ಅಂಕ ಕೊಡುವ ಅವಕಾಶವನ್ನೇ 2008ರಲ್ಲಿ ತೆಗೆದುಹಾಕಲಾಯಿತು.

ಅಲ್ಲಿ ನಿಯಮ ಬದಲಿಸಲು ಒಬ್ಬ ಯಜಮಾನನಿದ್ದ. ಯಜಮಾನನೇ ಇಲ್ಲದ ನೆಟ್‌ವರ್ಕ್‌ನಲ್ಲಿ ಏನು ಮಾಡುವುದು?

ಮೊದಲ ದೊಡ್ಡ ಪ್ರಯತ್ನ ಪಿಜಿಪಿಯದು. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಬಿಟ್ಟ ಈ ಗುಪ್ತಲಿಪಿ ತಂತ್ರಾಂಶದಲ್ಲಿ, ಒಬ್ಬರ ಕೀಗೆ (ಅವರಿಗೆ ಗುಪ್ತ ಸಂದೇಶ ಕಳಿಸಲು ಬಳಸುವ ಬಹಿರಂಗ ಸಂಕೇತ) ಇನ್ನೊಬ್ಬರು ಸಹಿ ಹಾಕಿ 'ಇದು ಇವರದ್ದೇ' ಎನ್ನುತ್ತಿದ್ದರು. ಇದರಲ್ಲಿ ಒಂದು ಸೂಕ್ಷ್ಮವಿದೆ. ನಾನು ನಿಮ್ಮನ್ನು ಎಷ್ಟು ನಂಬುತ್ತೇನೆ ಎಂಬುದು ಸಾಮಾನ್ಯವಾಗಿ ನನ್ನ ಕಂಪ್ಯೂಟರ್ ದಾಟುವುದಿಲ್ಲ. ಆದರೆ ನಿಮ್ಮ ಕೀಗೆ ನಾನು ಹಾಕಿದ ಸಹಿ, ತಾರೀಖಿನ ಸಮೇತ, ಎಲ್ಲರೂ ನೋಡುವ ಕೀ ಸರ್ವರ್‌ಗೆ ಹೋಗಿ ಕೂರುತ್ತಿತ್ತು. ಅಳಿಸಲು ಆಗದಂತೆ ಕಟ್ಟಿದ್ದ ಸರ್ವರ್‌ಗಳವು. ಯಾರಿಗೆ ಯಾರು ಗೊತ್ತು ಎಂಬ ನಕ್ಷೆ ಸುಮ್ನೆ ಕೂತು ಬರೆಯಬಹುದಿತ್ತು. 2019ರಲ್ಲಿ ಕೆಲವು ಕೀಗಳ ಮೇಲೆ ಲಕ್ಷಕ್ಕೂ ಹೆಚ್ಚು ಸುಳ್ಳು ಸಹಿಗಳನ್ನು ಸುರಿದಾಗ, ಕೀ ಸರ್ವರ್‌ನಿಂದ ಬರುವ ಬೇರೆಯವರ ಸಹಿಗಳನ್ನು ಪಿಜಿಪಿ ಮಾದರಿಯ ಉಚಿತ ತಂತ್ರಾಂಶ ಜಿಎನ್‌ಯುಪಿಜಿ ಪರಿಗಣಿಸುವುದನ್ನೇ ನಿಲ್ಲಿಸಿತು.

2003ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಐಗನ್‌ಟ್ರಸ್ಟ್ ಎಂಬ ನಂಬಿಕೆ ಅಳೆಯುವ ವಿಧಾನ ಬಂತು. ಅಂಕ ಕೊಟ್ಟವನಿಗೇ ಹೆಸರು ಚೆನ್ನಾಗಿದ್ದರೆ ಅವನ ಅಂಕಕ್ಕೆ ತೂಕ ಜಾಸ್ತಿ. ನಿಮ್ಮ ಅಂಕದ ಲೆಕ್ಕವನ್ನು ನೀವಲ್ಲ, ನೆಟ್‌ವರ್ಕ್‌ನ ಬೇರೆ ಕೆಲವರು ಮಾಡುತ್ತಾರೆ. ಜಾಣ ಏರ್ಪಾಡು. ಆದರೆ ಲೆಕ್ಕ ಮಾಡುವವರ ಕಣ್ಣಿಗೆ ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬುದೆಲ್ಲ ಬೀಳುತ್ತದೆ.

ಮುಚ್ಚಿಟ್ಟ ಸಂಖ್ಯೆಗಳನ್ನು ಕೂಡುವ ಗಣಿತ ಅಷ್ಟರಲ್ಲಿ ಹಳೆಯದಾಗಿತ್ತು: 1979ರಲ್ಲಿ ಗುಪ್ತಲಿಪಿ ತಜ್ಞ ಶಮೀರ್ ಗುಟ್ಟನ್ನು ಹೋಳು ಮಾಡಿ ಹಂಚುವುದನ್ನು ತೋರಿಸಿದ್ದರು, 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಯಾವೋ ಇಬ್ಬರು ಶ್ರೀಮಂತರ ಆಸ್ತಿಯನ್ನು ಬಾಯಿಬಿಡಿಸದೆ ಹೋಲಿಸುವ ದಾರಿ ತೋರಿಸಿದ್ದರು. ಅದನ್ನು ನಂಬಿಕೆಯ ಅಂಕಕ್ಕೆ ತಂದು ಜೋಡಿಸಿದ್ದು 2004ರ ಆಸುಪಾಸಿನಲ್ಲಿ.

ಒಂದು ಲೆಕ್ಕ ನೋಡಿ. ಮೂವರ ಅಂಕ 2, 4 ಮತ್ತು 5. ಮೊದಲನೆಯವಳು ತನ್ನ 2ನ್ನು 9, -12, 5 ಎಂದು ಒಡೆದು, ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ಹಂಚುತ್ತಾಳೆ. ಎರಡನೆಯವನು 4ನ್ನು 7, -6, 3 ಮಾಡುತ್ತಾನೆ. ಮೂರನೆಯವಳು 5ನ್ನು -4, 8, 1 ಮಾಡುತ್ತಾಳೆ. ಮೊದಲ ಚೂರುಗಳೆಲ್ಲ ಮೊದಲನೆಯವಳಿಗೆ, ಎರಡನೆಯವು ಎರಡನೆಯವನಿಗೆ, ಮೂರನೆಯವು ಮೂರನೆಯವಳಿಗೆ. ತಮ್ಮ ಕೈಯಲ್ಲಿರುವ ಚೂರುಗಳನ್ನು ಕೂಡಿದರೆ ಮೂವರಿಗೆ ಸಿಗುವುದು 12, -10, 9. ಇವನ್ನು ಬಹಿರಂಗವಾಗಿ ಹೇಳಿದರೂ ಅಡ್ಡಿಯಿಲ್ಲ. ಒಟ್ಟು 11. ಮೊತ್ತ ಸರಿಯಾಗಿದೆ, ಯಾರ ಅಂಕವೂ ಹೊರಬಿದ್ದಿಲ್ಲ.

ತೊಡಕು ಶುರುವಾಗುವುದು ಆಮೇಲೆ. ಸಾವಿರ ಜನ ಹೀಗೆ ಎಲ್ಲರಿಗೂ ಚೂರು ಕಳಿಸಿದರೆ ಹತ್ತಿರ ಹತ್ತಿರ 10 ಲಕ್ಷ ಸಂದೇಶ. ಅದಕ್ಕೇ 2012ರಲ್ಲಿ ಸಂಶೋಧಕರಾದ ಹಸನ್, ಬ್ರೂನಿ ಮತ್ತು ಬರ್ಟಿನೊ ಬೇರೆ ದಾರಿ ಹಿಡಿದರು: ಎಲ್ಲರಿಗೂ ಬೇಡ, ನಿಮಗೆ ನಂಬಿಕೆಯಿರುವ ಕೆಲವರಿಗೆ ಮಾತ್ರ ಚೂರು ಕೊಡಿ. ನಂಬಿಕೆ ಅಳೆಯುವ ಲೆಕ್ಕಕ್ಕೂ ಮೊದಲು ಒಂದಿಷ್ಟು ನಂಬಿಕೆ ಬೇಕಾಯಿತು, ತಮಾಷೆ ಅಲ್ವಾ? ಇನ್ನು, 5ರ ಬದಲು ಯಾರೋ 500 ಹಾಕಿದರೆ? ಚೂರು ನೋಡಿ ಹಿಡಿಯಲಾಗದು. ಸಂಖ್ಯೆ ತೋರಿಸದೆಯೇ ಅದು 1ರಿಂದ 5ರೊಳಗಿದೆ ಎಂದು ಸಾಬೀತು ಮಾಡುವ ಇನ್ನೊಂದು ಪದರ ಬೇಕಾಯಿತು.

ಅದಕ್ಕಿಂತ ಹಳೆಯ ತಲೆನೋವು 2002ರಲ್ಲೇ ಸಂಶೋಧಕ ಡ್ಯೂಸರ್ ವಿವರಿಸಿದ ಸಿಬಿಲ್ ದಾಳಿ. ಗುರುತು ಕೊಡುವ ಕೇಂದ್ರ ಇಲ್ಲದ ಕಡೆ ಒಬ್ಬನೇ ಸಾವಿರ ವೇಷ ಹಾಕಬಹುದು. ಅಂಕ ಕೊಟ್ಟವರನ್ನು ಮುಚ್ಚಿದಷ್ಟೂ ವೇಷಧಾರಿಗೆ ಅನುಕೂಲ. ಎಷ್ಟೋ ಪ್ರಬಂಧಗಳು 'ಎಲ್ಲರೂ ನಿಯಮ ಪಾಲಿಸುತ್ತಾರೆ, ಇಣುಕಿ ನೋಡುತ್ತಾರೆ ಅಷ್ಟೇ' ಎಂದು ಊಹಿಸಿಕೊಂಡು ಮುಂದೆ ಹೋಗಿವೆ. ಅದು ಸ್ವಲ್ಪ ಧಾರಾಳವೇ ಆಯಿತು. ಅಷ್ಟು ಸಭ್ಯರೇ ಇದ್ದಿದ್ದರೆ ಅಂಕಗಳಾದರೂ ಯಾಕೆ ಬೇಕಿತ್ತು?

ಇಷ್ಟೆಲ್ಲ ಬಿಗಿ ಮಾಡಿದರೂ ಮೊತ್ತವೇ ಗುಟ್ಟು ಬಿಟ್ಟುಕೊಡುತ್ತದೆ. ಇವತ್ತು 10 ಜನರ ಮೊತ್ತ 41. ನಾಳೆ ಇನ್ನೊಬ್ಬರು ಸೇರಿದಾಗ 42. ಹೊಸಬರು 1 ಕೊಟ್ಟರು ಎಂದು ಹೇಳಲು ಗುಪ್ತಲಿಪಿ ಒಡೆಯಬೇಕಾಗಿಲ್ಲ, ಎರಡು ಸಲ ಕೇಳಿದರೆ ಸಾಕು. ಇದಕ್ಕೆ 2006ರಲ್ಲಿ ಬಂದ ಡಿಫರೆನ್ಷಿಯಲ್ ಪ್ರೈವೆಸಿಯ ಮದ್ದಿದೆ: ಮೊತ್ತಕ್ಕೆ ಬೇಕೆಂದೇ ಒಂದಿಷ್ಟು ಏರುಪೇರು ಬೆರೆಸುವುದು. ಸಾವಿರಾರು ಜನ ಅಂಕ ಕೊಟ್ಟಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಐದಾರು ಜನ ಮಾತ್ರ ಕೊಟ್ಟ ಕಡೆ ಮೋಸಗಾರನ ಅಂಕವೂ ಸಾಚಾ ಮನುಷ್ಯನ ಅಂಕವೂ ಒಂದೇ ಥರ ಕಾಣತೊಡಗುತ್ತವೆ.