ನೀರೊಳಗಿನ ಸಿಟ್ಟು: ಸಾವಿಲ್ಲದವರಿಗೆ ಕತ್ತಿವರಸೆ ಕಲಿಸುವಾಗ

ಜುಲೈ ತಿಂಗಳ ಧಾರವಾಡದ ಮಳೆ ಹೆಂಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಜಿಟಿಜಿಟಿ ಅಂತ ಹಿಡಿದರೆ ನಾಲ್ಕು ದಿನ ಬಿಡೋದಿಲ್ಲ. ಅಂಥ ಒಂದು ಸಂಜೆ ತಾಲೀಮಿಗೆ ಬಂದ ಹುಡುಗನೊಬ್ಬ ಕೊಡೆಯನ್ನು ಮೂಲೆಗೆ ಒರಗಿಸಿ, ಕತ್ತಿ ಕೈಗೆತ್ತಿಕೊಳ್ಳುವ ಮೊದಲೇ ಕೇಳಿದ.

"ಸರ್, ಸಾಯೂದ ಇಲ್ಲಂದ್ರ ಅವ್ರ ಬಡದಾಟ ನಾವ್ಯಾಕ ನೋಡ್ಬೇಕ್ರಿ?"

ಹಿಂದಿನ ರಾತ್ರಿ ಸಪ್ತಾಪುರದ ರೂಮಿನಲ್ಲಿ ಗೆಳೆಯರೆಲ್ಲ ಸೇರಿ ‘ದಿ ಓಲ್ಡ್ ಗಾರ್ಡ್ 2’ ನೋಡಿದ್ದರಂತೆ. 2025ರ ಜುಲೈ 2ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಸಿನಿಮಾ. ಸಾವಿರಾರು ವರ್ಷ ಬದುಕಿದ ಯೋಧರ ಕಥೆ. ಆದರೆ ಫೈಟ್ ಬಂದಾಗಲೇ ಅರ್ಧ ಜನ ವಾಟ್ಸಾಪ್ ತೆಗೆದು ಕೂತರಂತೆ. ಮಾತಿನ ದೃಶ್ಯದಲ್ಲಿ ಬೇಜಾರಾದರೆ ಅದು ಬರೆದವರ ಚಿಂತೆ. ಕಾಳಗದಲ್ಲಿ ಬೇಜಾರಾದರೆ ನನ್ನ ಕಸುಬಿನವರು ತಲೆ ಕೆಡಿಸಿಕೊಳ್ಳಬೇಕು.

ನಾನು ನಾಟಕದ ಹುಡುಗ ಹುಡುಗಿಯರಿಗೆ ಕತ್ತಿವರಸೆ, ಗದೆಯ ಕಾಳಗ, ಕೈಕೈ ಮಿಲಾಯಿಸುವ ದೃಶ್ಯ ಕಲಿಸುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಆ ಸಂಜೆ ಅವನಿಗೆ ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಇಲ್ಲಿದೆ.

ಸಾವಿಲ್ಲದವರ ಕಥೆ ಕಟ್ಟುವವರು ಸಾವನ್ನು ಪೂರ್ತಿ ಹೊರಗೆ ಹಾಕುವುದಿಲ್ಲ. ಎಲ್ಲೋ ಒಂದು ಕಿಂಡಿ ಬಿಟ್ಟಿರುತ್ತಾರೆ. 1986ರ ‘ಹೈಲ್ಯಾಂಡರ್’ ನೋಡಿ. ಅಲ್ಲಿ ತಲೆ ಕಡಿದರೆ ಮಾತ್ರ ಸಾವು. ಪವಿತ್ರ ಜಾಗದಲ್ಲಿ ಕತ್ತಿ ಎತ್ತುವಂತಿಲ್ಲ. ಕೊನೆಗೆ ಒಬ್ಬನೇ ಉಳಿಯಬೇಕು. ಇಷ್ಟೇ ನಿಯಮ. ಎದೆಗೆ ಬಿದ್ದ ಪೆಟ್ಟು ಲೆಕ್ಕಕ್ಕಿಲ್ಲ, ಹೊಟ್ಟೆಗೆ ಬಿದ್ದದ್ದೂ ಲೆಕ್ಕಕ್ಕಿಲ್ಲ. ಹಾಗಾಗಿ ನೋಡುವವರ ಕಣ್ಣು ಇಬ್ಬರ ಕುತ್ತಿಗೆಯ ಮೇಲೇ ನೆಟ್ಟಿರುತ್ತದೆ. ಕತ್ತಿ ಹೆಗಲಿನ ಮಟ್ಟಕ್ಕೆ ಬಂದ ಕೂಡಲೇ ಉಸಿರು ಬಿಗಿ ಹಿಡಿಯುತ್ತೇವೆ. ಕಾಳಗ ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಆ ಸಿನಿಮಾದ ಕತ್ತಿ ಗುರು ಬಾಬ್ ಆ್ಯಂಡರ್ಸನ್. ನಾಯಕ ಕ್ರಿಸ್ಟೋಫರ್ ಲ್ಯಾಂಬರ್ಟ್‌ಗೆ ಕಣ್ಣಿನ ದೋಷ ಬಹಳ. ಕನ್ನಡಕ ತೆಗೆದರೆ ಎದುರಿನದು ಮಸುಕು. ಅಂಥವನು ಕನ್ನಡಕವಿಲ್ಲದೆ ಕತ್ತಿ ಹಿಡಿದು ನಟಿಸಿದ. ಹೆಜ್ಜೆ ಮತ್ತು ಎಣಿಕೆ ಮೈಯೊಳಗೆ ಇಳಿಯದೆ ಅದು ಆಗುವ ಮಾತಲ್ಲ. ಎಣಿಕೆ ಯಾಕ್ರಿ, ನೋಡ್ಕೊಂಡ್ ಹೊಡಿತೀವಿ ಅನ್ನುವ ಹುಡುಗರಿಗೆ ಈ ವಿಷಯ ತಪ್ಪದೆ ಹೇಳುತ್ತೇನೆ.

ಆದರೆ ಮುಂದಿನ ಭಾಗದಲ್ಲಿ ಏನಾಯಿತು? 1991ರಲ್ಲಿ ಬಂದ ಎರಡನೇ ಸಿನಿಮಾ ಈ ಯೋಧರೆಲ್ಲ ಜೀಸ್ಟ್ ಅನ್ನುವ ಬೇರೆ ಗ್ರಹದಿಂದ ಬಂದವರು ಅಂದುಬಿಟ್ಟಿತು. ಮೊದಲ ಭಾಗದ ಕಥೆಯಲ್ಲಿ ತಲೆ ಹೋಗಿದ್ದ ನಾಯಕನ ಗುರು ಮತ್ತೆ ಎದ್ದು ಬಂದ. ಆಮೇಲೆ ತಿದ್ದಿದ ಆವೃತ್ತಿಯಲ್ಲಿ ಗ್ರಹದ ಮಾತನ್ನು ತೆಗೆದರು ನಿಜ. ಆದರೆ ತಲೆ ಹೋದವನೂ ವಾಪಸ್ ಬರಬಹುದು ಅಂತ ಒಮ್ಮೆ ಗೊತ್ತಾದ ಮೇಲೆ ಆ ಕುತ್ತಿಗೆಯನ್ನು ಯಾರು ನೋಡ್ತಾರೆ? 1994ರ ಮೂರನೆಯದರಲ್ಲಿ ಜಪಾನಿನ ಗುಹೆಯಲ್ಲಿ ನಾನೂರು ವರ್ಷ ಹೂತುಹೋಗಿದ್ದ ಹಳೆಯ ವೈರಿಯನ್ನು ಹೊರಗೆ ತಂದರು. ಈ ಉಪಾಯ ನನಗೆ ಇಷ್ಟ. ನಿಯಮ ಮುರಿಯದೆ ವೈರಿ ಸಿಕ್ಕ. ಆದರೆ ಆ ನಾನೂರು ವರ್ಷ ಅವನ ಮೈಯಲ್ಲಿ ಕಾಣಲಿಲ್ಲ. ನಿನ್ನೆ ಮಲಗಿ ಇವತ್ತು ಎದ್ದವನ ಹಾಗೆ ಕತ್ತಿ ಬೀಸಿದ.

ಎರಡನೇ ಭಾಗ ಅಂದರೆ ನನಗೆ ಇಷ್ಟೇ ಅರ್ಥ. ನಡುವೆ ಕಳೆದ ಕಾಲ ಮೈಯಲ್ಲಿ ಕಾಣಬೇಕು. ಕತ್ತಿ ಏಳುವ ಮೊದಲೇ ಕಾಣಬೇಕು.

‘ಓಲ್ಡ್ ಗಾರ್ಡ್’ಗೆ ಇದಕ್ಕೆ ಬೇಕಾದ ಸಾಮಾನು ಎಲ್ಲ ಇತ್ತು. 2020ರಲ್ಲಿ ಬಂದ ಮೊದಲ ಭಾಗದ ನಿಯಮ ಬಹಳ ಚೆನ್ನಾಗಿದೆ. ಗಾಯ ತಾನೇ ಮಾಯುತ್ತದೆ, ಆದರೆ ನೋವು ಪೂರ್ತಿ ಇರುತ್ತದೆ. ಮತ್ತೆ ಯಾವುದೋ ಒಂದು ದಿನ, ಹೇಳದೆ ಕೇಳದೆ, ಮಾಯುವುದು ನಿಂತುಹೋಗುತ್ತದೆ. ಚಾರ್ಲೀಜ್ ಥೆರಾನ್ ಮಾಡಿದ ಆಂಡಿಗೆ ಹಾಗೇ ಆಗುತ್ತದೆ. ಆಂಡಿಯ ಹಳೆಯ ಜೊತೆಗಾತಿ ಕ್ವಿನ್. ಅವಳನ್ನು ಮಾಟಗಾತಿ ಅಂತ ಹಿಡಿದು, ಕಬ್ಬಿಣದ ಪೆಟ್ಟಿಗೆಯೊಳಗೆ ಕೂಡಿ, ಸಮುದ್ರಕ್ಕೆ ಎಸೆದಿದ್ದರು. ಸಾವಿಲ್ಲ ಅಲ್ವಾ? ಮುಳುಗಿ ಸಾಯುವುದು, ಎದ್ದು ಉಸಿರಾಡಲು ಬಾಯಿ ತೆರೆಯುವುದು, ಮತ್ತೆ ಮುಳುಗಿ ಸಾಯುವುದು. ಐದುನೂರು ವರ್ಷ. ಆಂಡಿ ಹುಡುಕಿದಳು, ಸಿಗಲಿಲ್ಲ, ಕೊನೆಗೆ ಬಿಟ್ಟಳು. ಎರಡನೇ ಭಾಗದಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ. ಈಗ ಒಬ್ಬಳಿಗೆ ಸಾವಿದೆ, ಇನ್ನೊಬ್ಬಳಿಗಿಲ್ಲ. ವೈರಿಯಾಗಿ ಬಂದವಳು ಒಂದು ಕಾಲದ ಜೀವದ ಗೆಳತಿ. ಕಾಳಗಕ್ಕೆ ಇದಕ್ಕಿಂತ ಒಳ್ಳೆ ಹೂರಣ ಎಲ್ಲಿ ಸಿಗಬೇಕು?

ಇಂಥ ಸಿಟ್ಟು ನಮಗೆ ಹೊಸದಲ್ಲ. ಕುರುಕ್ಷೇತ್ರ ಮುಗಿಯುತ್ತಾ ಬಂದಾಗ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂರುತ್ತಾನೆ. ದಂಡೆಯ ಮೇಲೆ ಭೀಮ ನಿಂತು ಕರೆಯುತ್ತಾನೆ, ಹಂಗಿಸುತ್ತಾನೆ. ಮುಧೋಳದ ಸೀಮೆಯ ರನ್ನ ಸಾವಿರ ವರ್ಷದ ಹಿಂದೆ ಅಲ್ಲೊಂದು ಮಾತು ಇಟ್ಟ. ಆ ಬೈಗುಳ ಕೇಳಿ ದುರ್ಯೋಧನ ನೀರೊಳಗಿದ್ದೂ ಬೆವರಿದ. ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಇದು ಮರೆತಿರುವುದಿಲ್ಲ. ಗದುಗಿನ ಕುಮಾರವ್ಯಾಸನೂ ತನ್ನ ಭಾರತವನ್ನು ನಿಲ್ಲಿಸಿದ್ದು ಗದಾಪರ್ವಕ್ಕೇ. ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ, ಉಟ್ಟ ಒದ್ದೆ ಬಟ್ಟೆ ಆರುವ ತನಕ ಮಾತ್ರ ಅವನ ಬಾಯಲ್ಲಿ ಪದ್ಯ ಬರುತ್ತಿತ್ತು ಅಂತ ನಮ್ಮ ಕಡೆ ಹೇಳುತ್ತಾರೆ. ಗದುಗಿಗೆ ಹೋದಾಗಲೆಲ್ಲ ಆ ಕಂಬದ ಹತ್ತಿರ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಕೆಲಸ ಇರಲಿ, ಬಿಡಲಿ.

ನೀರೊಳಗೆ ಬೆವರಿದವನ ಕೈಗೆ ಗದೆ ಬಂದಾಗ ಮೊದಲ ಏಟು ಹೇಗಿರುತ್ತದೆ? ಕ್ವಿನ್ ಕತ್ತಿ ಹಿಡಿದಾಗಲೂ ಕೇಳಬೇಕಾದ ಪ್ರಶ್ನೆ ಅದೇ. ನನ್ನ ಅನಿಸಿಕೆಯಲ್ಲಿ ಸಿನಿಮಾ ಇಲ್ಲೇ ಎಡವಿತು. ಉಮಾ ಥರ್ಮನ್ ಮಾಡಿದ ಡಿಸ್ಕಾರ್ಡ್ ಅನ್ನುವ ಇನ್ನೂ ಹಳೆಯ, ಎಲ್ಲರಿಗಿಂತ ಮೊದಲ ಅಮರಳನ್ನು ತಂದು ಮುಂದೆ ನಿಲ್ಲಿಸಿತು. ನೋಡುವವರಿಗೆ ಡಿಸ್ಕಾರ್ಡ್ ಹೊಸ ಮುಖ. ಅವಳ ಮೇಲೆ ನಮಗೆ ಬಾಕಿ ಏನೂ ಇಲ್ಲ. ಬಾಕಿ ಇದ್ದದ್ದು ಕ್ವಿನ್ ಜೊತೆ. ಸಾಲದ್ದಕ್ಕೆ ಹೊಸ ನಿಯಮ ಬೇರೆ. ಎಲ್ಲರಿಗಿಂತ ಕೊನೆಗೆ ಅಮರಳಾದವಳ ಕೈಯಿಂದ ಗಾಯವಾದರೆ ಅಮರತ್ವ ಹೋಗುತ್ತದೆ, ಅದನ್ನು ಇನ್ನೊಬ್ಬರಿಗೆ ಕೊಡಬಹುದು ಅಂತ. ಆಂಡಿಯ ಹಳೆಯ ಜೊತೆಗಾರ ಬುಕರ್ ತನ್ನದನ್ನು ಅವಳಿಗೆ ಕೊಡುತ್ತಾನೆ. ಮಾತಿನಲ್ಲಿ ಕೇಳಲು ಚೆಂದ. ಆದರೆ ಕಾಳಗದ ನಡುವೆ ನಾವು ಯಾರಿಗೆ ಸಾವಿದೆ, ಯಾರಿಗಿಲ್ಲ ಅಂತ ಲೆಕ್ಕ ಹಾಕುತ್ತಾ ಕೂರುತ್ತೇವೆ. ಲೆಕ್ಕ ಹಾಕುವಾಗ ಎದೆ ಹೊಡೆದುಕೊಳ್ಳೋದಿಲ್ಲ.

ಈಗ ನನ್ನ ಕೆಲಸದ ಮಾತು. ಪರಿಚಯ ಇಲ್ಲದ ಇಬ್ಬರು ಕತ್ತಿ ಹಿಡಿದು ಎದುರಾದರೆ ಮೊದಲು ಒಬ್ಬರನ್ನೊಬ್ಬರು ಅಳೆಯುತ್ತಾರೆ. ಇವನ ಕೈ ಎಷ್ಟುದ್ದ, ಮುಂದಿಡುವುದು ಯಾವ ಕಾಲು, ಹೆದರಿಸಿದರೆ ಹಿಂದೆ ಸರಿಯುತ್ತಾನಾ. ಅದಕ್ಕೇ ಸುಮ್ನೆ ಸುತ್ತು ಹಾಕುತ್ತಾರೆ, ತುದಿಗೆ ತುದಿ ತಾಗಿಸುತ್ತಾರೆ. ಹಳೆಯ ವೈರಿಗಳಿಗೆ ಈ ಅಳತೆ ಬೇಕಿಲ್ಲ. ಅವನು ಹೊಡೆಯುವ ಮೊದಲು ಬಲ ಹೆಗಲು ಒಂಚೂರು ಏರುತ್ತದೆ ಅಂತ ಇವನಿಗೆ ಮುನ್ನೂರು ವರ್ಷದಿಂದ ಗೊತ್ತು. ಹೆಗಲು ಏರಿದ ಕೂಡಲೇ ಇವನ ಕತ್ತಿ ಅಲ್ಲಿ ಕಾಯುತ್ತಿರಬೇಕು. ಏಟು ಕಡಿಮೆ, ಕಾಯುವುದು ಜಾಸ್ತಿ. ಇಬ್ಬರೂ ಒಂದೋ ತೀರಾ ಹತ್ತಿರ ನಿಲ್ಲುತ್ತಾರೆ, ಇಲ್ಲವೋ ತೀರಾ ದೂರ. ನಡುವಿನ ಜಾಗ ಅಪರಿಚಿತರದ್ದು. ಇನ್ನೊಂದು: ಹಿಂದಿನ ಕಾಳಗದಲ್ಲಿ ಅರ್ಧಕ್ಕೆ ನಿಂತ ಒಂದು ಏಟು ಇದ್ದೇ ಇರುತ್ತದೆ. ನಾನದನ್ನು ‘ಬಾಕಿ ಪೆಟ್ಟು’ ಅನ್ನುತ್ತೇನೆ. ಎರಡನೇ ಸಲ ಎದುರಾದಾಗ ಆ ಏಟನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಮುಂದೆ ಕೂತವರು ಅದನ್ನು ಬಾಯಲ್ಲಿ ಹೇಳಲಾರರು, ಆದರೆ ಗುರುತು ಹಿಡಿಯುತ್ತಾರೆ.

ಕತ್ತಿ ಗಿರಗಿರ ತಿರುಗಿಸುವ ಚಾಳಿ ಬಿಡಿಸುವುದೇ ಒಂದು ದೊಡ್ಡ ಕೆಲಸ. ನಿಜವಾದ ಕತ್ತಿ ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ನಮ್ಮ ತಾಲೀಮಿನ ಅಲ್ಯುಮಿನಿಯಂ ಕತ್ತಿ ಹಗುರ, ಅದಕ್ಕೆ ಹುಡುಗರು ಬೆತ್ತದ ಹಾಗೆ ಆಡಿಸುತ್ತಾರೆ. ಅದಕ್ಕೇ ಮೊದಲ ವಾರ ಬಟ್ಟೆ ಸುತ್ತಿದ ಕಬ್ಬಿಣದ ಸರಳು ಕೊಡುತ್ತೇನೆ. ಹತ್ತು ನಿಮಿಷಕ್ಕೆ ಮುಂಗೈ ಹಿಡಿದುಕೊಳ್ಳುತ್ತದೆ. ಸಾವಿರ ವರ್ಷ ಇದನ್ನು ಹೊತ್ತವನು ಒಂದು ಬೀಸೂ ದಂಡ ಮಾಡುವುದಿಲ್ಲ ಅಂತ ಆಗ ತಾನಾಗೇ ತಿಳಿಯುತ್ತದೆ.

ನಮ್ಮ ಜಾತ್ರೆಗಳಲ್ಲಿ ವೀರಭದ್ರನ ಸೇವೆಯ ಪುರವಂತರನ್ನು ನೋಡಿದ್ದೀರಲ್ಲ? ಕೈಯಲ್ಲಿ ಕತ್ತಿ, ಬಾಯಲ್ಲಿ ಒಡಪು, ಅಂದರೆ ಏರುದನಿಯಲ್ಲಿ ಹೇಳುವ ವೀರಭದ್ರನ ಕಥೆ. ದಕ್ಷನ ಯಜ್ಞದ ಕಥೆ ಊರಿಗೆಲ್ಲ ಬಾಯಿಪಾಠ. ಆದರೂ ವರ್ಷ ವರ್ಷ ಜನ ನಿಂತು ಕೇಳುತ್ತಾರೆ. ಹಾವೇರಿ ಕಡೆಯ ಒಬ್ಬ ಹಿರಿಯ ಪುರವಂತರನ್ನು ಈ ಬಗ್ಗೆ ಕೇಳಿದ್ದೆ. "ಕತ್ತಿ ನಾನ ಎತ್ತೂದಿಲ್ಲೋ ತಮ್ಮಾ. ಒಡಪು ಏರ್ತದ, ಕೈ ಅದರ ಬೆನ್ನ ಹತ್ತತದ" ಅಂದರು. ಆಮೇಲೆ ಅವರ ಒಡಪು ಕೇಳುವಾಗ ಗಮನಿಸಿದೆ. ಮಾತು ತಗ್ಗಿದ್ದಾಗ ಕತ್ತಿ ಮೈಗೆ ಅಂಟಿಕೊಂಡೇ ಇತ್ತು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಪಾತ್ರಕ್ಕೆ ಸಾವಿಲ್ಲದಿರಬಹುದು, ನಟನಿಗೆ ಇದೆ. ಹಿಂದೊಮ್ಮೆ ಒಂದು ಊರಿನಲ್ಲಿ ಪ್ರಯೋಗಕ್ಕೆ ಹೋಗುವಾಗ ಬಸ್ಸು ತಡವಾಯಿತು. ಪರದೆ ಏಳುವ ಮೊದಲು ಅರ್ಧ ವೇಗದಲ್ಲಿ ಒಂದು ಸಲ ಕಾಳಗ ನಡೆಸಿ ನೋಡುವುದು ನಮ್ಮ ಕಟ್ಟುನಿಟ್ಟು. ಅವತ್ತು ಹೊತ್ತಾಯ್ತು ಅಂತ ಬಿಟ್ಟೆ. ರಂಗ ನಾವು ತಾಲೀಮು ಮಾಡಿದ್ದಕ್ಕಿಂತ ಎರಡು ಹೆಜ್ಜೆ ಕಿರಿದಿತ್ತು. ಮೂರನೇ ಏಟಿಗೆ ಹುಡುಗನ ಹುಬ್ಬು ಸೀಳಿತು. ಮೂರು ಹೊಲಿಗೆ. ಕಣ್ಣು ಉಳಿದದ್ದು ದೇವರ ದಯೆ. ಆ ರಾತ್ರಿ ಅವನ ತಾಯಿಗೆ ಫೋನ್ ಮಾಡಿದ್ದು ಇವತ್ತಿಗೂ ನೆನಪಿದೆ. ಅಂದಿನಿಂದ ಬಸ್ಸಲ್ಲ, ಮಂತ್ರಿಗಳೇ ಕಾಯುತ್ತಿದ್ದರೂ ಅರ್ಧ ವೇಗದ ಸುತ್ತು ಆಗದೆ ಪರದೆ ಏಳುವುದಿಲ್ಲ. ಏಟು ಹಾಕುವವನು ಎದುರಿನವನ ಕಣ್ಣು ನೋಡಬೇಕು, ಅಲ್ಲಿಂದ ಒಪ್ಪಿಗೆ ಬಂದ ಮೇಲೇ ಕೈ ಬೀಸಬೇಕು. ತುದಿ ಮೈಯಿಂದ ಒಂದು ಮೊಳ ಆಚೆಯೇ ಹಾದುಹೋಗಬೇಕು. ಕಾಳಗದ ಲಗಾಮು ಇರುವುದು ಏಟು ತಿನ್ನುವವನ ಕೈಯಲ್ಲಿ.

ಆ ಮಳೆಯ ಸಂಜೆಗೆ ವಾಪಸ್ ಬರುತ್ತೇನೆ. ನಾವು ತಾಲೀಮು ಮಾಡುತ್ತಿದ್ದದ್ದು ಭೀಮ ದುರ್ಯೋಧನರ ಗದೆಯ ದೃಶ್ಯವೇ. ಪ್ರಶ್ನೆ ಕೇಳಿದ ಹುಡುಗನೇ ದುರ್ಯೋಧನ. ನೀರಿನಿಂದ ಎದ್ದ ಕೂಡಲೇ ಅಬ್ಬರಿಸಿ ಗದೆ ಬೀಸುತ್ತಿದ್ದ, ದಿನಾ ಹಾಗೇ. ಭೀಮ ಮಾಡುತ್ತಿದ್ದದ್ದು ಒಬ್ಬ ಹುಡುಗಿ, ಗಟ್ಟಿ ಕಂಠ. ಅವತ್ತು ನಾನು ಅವನನ್ನು ಮೂಲೆಯಲ್ಲಿ, ಕೊಡೆಯ ಪಕ್ಕ, ಗೋಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂರಿಸಿದೆ. ಗದೆ ತೊಡೆಯ ಮೇಲೆ. ಅವಳಿಗೆ, ಹದಿನೈದು ನಿಮಿಷ ಬೈಯುತ್ತಾ ಇರು ಅಂದೆ. ಪದ್ಯ ಮುಗಿದರೆ ನಿನ್ನ ಊರಿನ ಮಾತಲ್ಲೇ ಬೈ. ಅವನಿಗೆ, ಉತ್ತರ ಕೊಡಬೇಡ, ತಿರುಗಬೇಡ.

ಐದು ನಿಮಿಷಕ್ಕೆ ಉಳಿದವರ ನಗು ನಿಂತಿತು. ತಗಡಿನ ಮೇಲೆ ಮಳೆ, ಅದರ ಮೇಲೆ ಅವಳ ದನಿ. ಹತ್ತನೇ ನಿಮಿಷಕ್ಕೆ ಅವನ ಕುತ್ತಿಗೆಯ ಹಿಂದೆ ಬೆವರು ಮೂಡಿದ್ದು ನಾನು ಕೂತಲ್ಲಿಂದಲೇ ಕಂಡಿತು. ಹೊರಗೆ ಅಷ್ಟು ಥಂಡಿ. ಹದಿನೈದಕ್ಕೆ ನಾನು ಚಪ್ಪಾಳೆ ತಟ್ಟಿದೆ. ಅವನು ಅಬ್ಬರಿಸಲಿಲ್ಲ. ಮೆಲ್ಲಗೆ ಎದ್ದ. ಕಾಲು ಜೋಮು ಹಿಡಿದಿತ್ತು, ಒಂದು ಹೆಜ್ಜೆ ತಡವರಿಸಿತು, ಅದನ್ನು ಮುಚ್ಚಲಿಲ್ಲ. ಗದೆಯನ್ನು ಎತ್ತದೆ, ನೆಲಕ್ಕೆ ತಾಗಿಸಿ ಎಳೆದುಕೊಂಡು ಬಂದ. ಮರದ ಹಲಗೆಯ ಮೇಲೆ ಅದು ಕರಕರ ಅಂತು. ಅವಳು ಬೈಯುವುದನ್ನು ನಿಲ್ಲಿಸಿ ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿದಳು. ಆ ಹೆಜ್ಜೆ ನಾನು ಹೇಳಿಕೊಟ್ಟದ್ದಲ್ಲ. ಆಮೇಲೆ ಅದನ್ನೇ ಎಣಿಕೆಯಲ್ಲಿ ಸೇರಿಸಿದೆವು.

ಚಹಾ ಕುಡಿಯುವಾಗ ಅವನೇ ಅಂದ, "ಸರ್, ಕ್ವಿನ್ ಕಾಲೂ ಹಿಂಗ ಜೋಮು ಹಿಡಿದಿರಬೇಕಲ್ರೀ." ಹೌದಪ್ಪ ಅಂದೆ.

ಸಿನಿಮಾ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದೆ. ಡಿಸ್ಕಾರ್ಡ್ ಉಳಿದವರನ್ನು ಹಿಡಿದುಕೊಂಡು ಹೋಗಿದ್ದಾಳೆ. ಆಂಡಿ, ಕ್ವಿನ್ ಇಬ್ಬರೇ ಅವರನ್ನು ಬಿಡಿಸಲು ಹೊರಡಬೇಕು. ಮೂರನೆಯದು ಬಂದರೆ ನಾನು ಮೊದಲು ನೋಡುವುದು ಅವರ ಕತ್ತಿ, ಕೊಡಲಿಗಳನ್ನಲ್ಲ. ಇಬ್ಬರೂ ಪಕ್ಕಪಕ್ಕ ನಡೆಯುವಾಗ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ, ಯಾರು ಯಾರಿಗೆ ಬೆನ್ನು ಕೊಡುತ್ತಾರೆ, ಅದನ್ನು ನೋಡುತ್ತೇನೆ.