ಸಿಟ್ರಿನ್ ಕೊಳ್ಳುವ ಮುಂಚೆ ಕಲ್ಲಿನ ಬುಡ ನೋಡಿ

ಹೋದ ವರ್ಷ ನಮ್ಮ ಅತ್ತಿಗೆ ಜಾತ್ರೆಯಿಂದ ಒಂದು ಕಲ್ಲು ತಂದರು. ಅಂಗೈ ಅಗಲದ್ದು. ಮೇಲೆಲ್ಲ ಕಿತ್ತಳೆ ಬಣ್ಣದ ಚೂಪು ಹರಳುಗಳು, ಒಡೆದಿಟ್ಟ ದಾಳಿಂಬೆಯ ಕಾಳಿನ ಹಾಗೆ ಒತ್ತೊತ್ತಾಗಿ ಕೂತಿದ್ದವು. "ಅಸಲಿ ಸಿಟ್ರಿನ್ ಅಂತ ಹೇಳಿ ಕೊಟ್ರು. ಮನ್ಯಾಗ ಇಟ್ರ ರೊಕ್ಕ ನಿಲ್ತೈತಂತ" ಅಂದರು. ಕೊಪ್ಪಳದ ಬಿಸಿಲಲ್ಲಿ ಕಟ್ಟೆ ಮೇಲೆ ಇಟ್ಟರೆ ಕೆಂಡದ ಹಾಗೆ ಹೊಳೆಯಿತು. ನಾನು ಎತ್ತಿ ತಲೆಕೆಳಗೆ ಮಾಡಿದೆ. ಬುಡ ಸುಣ್ಣದ ಹಾಗೆ ಬಿಳಿ. ಅಲ್ಲೇ ಗೊತ್ತಾಯಿತು. ಈ ಕಲ್ಲು ಭೂಮಿಯೊಳಗೆ ಇದ್ದಾಗ ಕಿತ್ತಳೆ ಆಗಿರಲಿಲ್ಲ, ನೇರಳೆ ಆಗಿತ್ತು. ಅಂದರೆ ಅದು ಅಮೆಥಿಸ್ಟ್. ಆಮೇಲೆ ಯಾರೋ ಅದನ್ನು ಭಟ್ಟಿಯಲ್ಲಿ ಕಾಯಿಸಿದ್ದಾರೆ.

ಅತ್ತಿಗೆಗೆ ಬೇಜಾರಾಯಿತು. ನನಗೂ ಆಯಿತು. ಕಲ್ಲು ಚೆನ್ನಾಗಿಲ್ಲ ಅಂತಲ್ಲ. ಕಾಯಿಸಿದ್ದು ಅಂತ ಒಂದು ಮಾತು ಹೇಳಿ ಕೊಟ್ಟಿದ್ದರೆ ಅವರು ಅಷ್ಟು ದುಡ್ಡು ಕೊಡುತ್ತಿರಲಿಲ್ಲ, ಅಲ್ವಾ? ಪೇಟೆಯಲ್ಲಿ ಸಿಟ್ರಿನ್ ಹೆಸರಲ್ಲಿ ಸಿಗುವುದರಲ್ಲಿ ಹೆಚ್ಚಿನದು ಹೀಗೆ ಕಾಯಿಸಿದ ಅಮೆಥಿಸ್ಟೇ. ಭೂಮಿಯಲ್ಲೇ ಹಳದಿಯಾಗಿ ಬೆಳೆದ ಸಿಟ್ರಿನ್ ಅಪರೂಪ. ಒಂದು ಸಮಾಧಾನ ಇದೆ. ಕತ್ತರಿಸದ, ಹೊಳಪು ಕೊಡದ ಕಚ್ಚಾ ಕಲ್ಲಾದರೆ ಯಾವ ಯಂತ್ರವೂ ಇಲ್ಲದೆ ಕಣ್ಣಲ್ಲೇ ಬಹಳಷ್ಟು ಹೇಳಬಹುದು.

ಸಿಟ್ರಿನ್ ಅಂದರೆ ಬೆಣಚುಕಲ್ಲು. ನಮ್ಮ ಹೊಲದ ಬದುವಿನಲ್ಲಿ ಬಿದ್ದಿರುವ ಬಿಳಿ ಬೆಣಚುಕಲ್ಲಿನದೇ ಜಾತಿ. ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದದ್ದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ಸಿಗುವುದು ಇದೇ ಬೆಣಚುಕಲ್ಲಿನ ಎಳೆಗಳ ಜೊತೆಗೆ. ಶುದ್ಧವಾಗಿದ್ದರೆ ಬಣ್ಣವೇ ಇಲ್ಲ, ನೀರಿನ ಹಾಗೆ ಇರುತ್ತದೆ. ಆಗ ಅದನ್ನು ಸ್ಫಟಿಕ ಅನ್ನುತ್ತೇವೆ. ಒಳಗೆ ಎಳ್ಳಷ್ಟು ಕಬ್ಬಿಣವೋ ಅಲ್ಯೂಮಿನಿಯಮ್ಮೋ ಸೇರಿದರೆ ಬಣ್ಣ ಬರುತ್ತದೆ. ನೇರಳೆ ಬಂದರೆ ಅಮೆಥಿಸ್ಟ್, ಹೊಗೆ ಬಣ್ಣ ಬಂದರೆ ಸ್ಮೋಕಿ ಕ್ವಾರ್ಟ್ಜ್, ಹಳದಿ ಬಂದರೆ ಸಿಟ್ರಿನ್. ನಿಂಬೆ ಜಾತಿಯ ಹಣ್ಣಿಗೆ ಫ್ರೆಂಚರು ಸಿತ್ರೋನ್ ಅನ್ನುತ್ತಾರೆ. ಹೆಸರು ಅಲ್ಲಿಂದ ಬಂದದ್ದು.

ಇನ್ನು ಅತ್ತಿಗೆಯ ಕಲ್ಲು. ಇಂಥವು ಜಾಸ್ತಿ ಬರುವುದು ಬ್ರೆಜಿಲ್ ದೇಶದ ದಕ್ಷಿಣ ಭಾಗದಿಂದ ಮತ್ತು ಪಕ್ಕದ ಉರುಗ್ವೆಯಿಂದ. ಅಲ್ಲಿ ಸುಮಾರು 13 ಕೋಟಿ ವರ್ಷಗಳ ಹಿಂದೆ ಲಾವಾ ಹರಿಯಿತು. ಲಾವಾದೊಳಗೆ ಗಾಳಿಗುಳ್ಳೆಗಳು ಸಿಕ್ಕಿಕೊಂಡವು. ಲಾವಾ ಆರಿ ಬಸಾಲ್ಟ್ ಬಂಡೆ ಆಯಿತು, ಗುಳ್ಳೆಗಳು ಪೊಟರೆಗಳಾಗಿ ಉಳಿದವು. ಆಮೇಲೆ ಸಿಲಿಕಾ ಕರಗಿದ ನೀರು ಒಳಗೆ ಇಳಿದು, ಪೊಟರೆಯ ಗೋಡೆಗೆ ಹರಳು ಕಟ್ಟುತ್ತಾ ಹೋಯಿತು. ಎಲ್ಲ ಹರಳೂ ಒಂದೇ ಗೋಡೆಯಿಂದ ಒಳಮುಖವಾಗಿ ಬೆಳೆಯುತ್ತವೆ. ಅಕ್ಕಪಕ್ಕ ಜಾಗವೇ ಇಲ್ಲ. ಹಾಗಾಗಿ ಮೈ ಬೆಳೆಯುವುದಿಲ್ಲ, ತುದಿ ಮಾತ್ರ ಕಾಣುತ್ತದೆ. ಮೊದಲು ಬೆಳೆದ ಬುಡ ಬಿಳಿ, ಕೊನೆಗೆ ಬೆಳೆದ ತುದಿ ನೇರಳೆ. ಹರಳಿನಲ್ಲಿ ಸೇರಿದ್ದ ಕಬ್ಬಿಣಕ್ಕೆ ಸುತ್ತಲಿನ ಬಂಡೆಯ ಸಣ್ಣ ವಿಕಿರಣ ಲಕ್ಷಾಂತರ ವರ್ಷ ತಾಗಿ ಆ ನೇರಳೆ ಹುಟ್ಟಿದ್ದು.

ಇದನ್ನು ಸುಮಾರು 450 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ನೇರಳೆ ಅಳಿದು ಹೋಗುತ್ತದೆ. ಕಬ್ಬಿಣ ಇನ್ನೊಂದು ರೂಪಕ್ಕೆ ಬರುತ್ತದೆ. ಹಳದಿ, ಕಿತ್ತಳೆ, ಕೆಲವೊಮ್ಮೆ ಇಟ್ಟಿಗೆಯಂಥ ಕಂದು. ಹಸಿ ಇಟ್ಟಿಗೆ ಭಟ್ಟಿಯಲ್ಲಿ ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲೂ ಕೆಲಸ ಮಾಡುವುದು ಕಬ್ಬಿಣವೇ. ನಮ್ಮ ಬಳ್ಳಾರಿ ಬಿಸಿಲು ಎಷ್ಟೇ ಸುಡಲಿ, 45 ಡಿಗ್ರಿ ಹತ್ತಿರ ಬಂದು ನಿಲ್ಲುತ್ತದೆ. ಕಲ್ಲಿಗೆ ಬೇಕಾದದ್ದು ಅದರ ಹತ್ತು ಪಟ್ಟು.

ಕಾಯಿಸಿದಾಗ ಬಣ್ಣ ಬದಲಾಗುತ್ತದೆ, ಆಕಾರ ಬದಲಾಗುವುದಿಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಎಲ್ಲಿ ನೇರಳೆ ಇತ್ತೋ ಅಲ್ಲಿ ಮಾತ್ರ ಕಿತ್ತಳೆ ಬರುತ್ತದೆ. ಬುಡ ಬಿಳಿಯಾಗಿಯೇ ಉಳಿಯುತ್ತದೆ. ಇನ್ನೂ ಮಬ್ಬಾಗಿ ಸುಣ್ಣದಂತೆ ಕಾಣುತ್ತದೆ. ಚಿಕ್ಕ ಚಿಕ್ಕ ಚೂಪು ತುದಿಗಳ ಹಾಸು, ತುದಿಯಲ್ಲಿ ಸುಟ್ಟ ಕಿತ್ತಳೆ, ಬುಡದಲ್ಲಿ ಸುಣ್ಣದ ಬಿಳಿ. ಈ ಮೂರೂ ಒಟ್ಟಿಗೆ ಕಂಡರೆ ಅದು ಕಾಯಿಸಿದ ಅಮೆಥಿಸ್ಟ್ ಅಂತಲೇ ತಿಳಿಯಿರಿ.

ಹಾಗಾದರೆ ಭೂಮಿಯಲ್ಲೇ ಹಳದಿಯಾದ ಸಿಟ್ರಿನ್ ಹೇಗಿರುತ್ತದೆ? ಗಣಿಯಲ್ಲಿ ಭೂವಿಜ್ಞಾನಿಯಾಗಿರುವ ಗೆಳೆಯರೊಬ್ಬರು ನನಗೆ ಕಾಂಗೋ ದೇಶದ್ದೊಂದು ಕೊಟ್ಟಿದ್ದಾರೆ. ಹೆಬ್ಬೆರಳಿನಷ್ಟು ದಪ್ಪ, ಅದಕ್ಕಿಂತ ಸ್ವಲ್ಪ ಉದ್ದ. ಮೊದಲ ಸಲ ನೋಡಿದವರು "ಇಷ್ಟೇನಾ?" ಅಂತಾರೆ. ಕಿತ್ತಳೆ ಇಲ್ಲ, ಕೆಂಪಿನ ಸುಳಿವೂ ಇಲ್ಲ. ಹಾಲು ಹಾಕದ ತಿಳಿ ಚಹಾಕ್ಕೆ ಜೇನು ಬೆರೆಸಿದ ಹಾಗೆ, ಒಳಗೆ ಸ್ವಲ್ಪ ಹೊಗೆ. ಬಿಳಿ ಹಾಳೆಯ ಮೇಲಿಟ್ಟರೆ ಮಾತ್ರ ಹಳದಿ ಅಂತ ಖಾತ್ರಿ ಆಗುತ್ತದೆ. ಆ ಹೊಗೆಗೂ ಕಾರಣ ಇದೆ. ಇಂಥ ಎಷ್ಟೋ ಸಿಟ್ರಿನ್‌ಗಳ ಬಣ್ಣಕ್ಕೆ ಅಲ್ಯೂಮಿನಿಯಮ್ ಮತ್ತು ಭೂಮಿಯ ವಿಕಿರಣ ಕಾರಣ. ಸ್ಮೋಕಿ ಕ್ವಾರ್ಟ್ಜ್‌ಗೂ ಅವೇ ಕಾರಣ. ಇಬ್ಬರೂ ಒಂದೇ ಮನೆಯ ಮಕ್ಕಳು.

ಆ ಕಲ್ಲನ್ನು ಕಿಟಕಿಗೆ ಹಿಡಿದು ತಿರುಗಿಸುವುದು ನನಗೆ ಅಭ್ಯಾಸ ಆಗಿಬಿಟ್ಟಿದೆ. ಬಣ್ಣ ತುದಿಯಿಂದ ಬುಡದವರೆಗೆ ಹರಡಿದೆ. ಎಲ್ಲೂ ಸುಣ್ಣದ ಬಿಳಿ ಇಲ್ಲ. ಆರು ಮುಖದ ಉದ್ದ ಮೈ ಇದೆ, ಪೆನ್ಸಿಲ್ಲಿನ ಹಾಗೆ. ಆ ಮುಖಗಳ ಮೇಲೆ ಉಗುರನ್ನು ತುದಿಯಿಂದ ಬುಡದ ಕಡೆಗೆ ಎಳೆದರೆ ಸಣ್ಣಗೆ ಕರಕರ ಅನ್ನುತ್ತದೆ. ಅಡ್ಡಡ್ಡ ಗೆರೆಗಳಿವೆ. ಬೆಣಚುಕಲ್ಲು ಬೆಳೆದ ಗುರುತು ಅದು. ಪುಷ್ಯರಾಗದ ಹೆಸರಲ್ಲಿ ಮಾರುವ ಹಳದಿ ಟೋಪಾಜ್‌ನಲ್ಲಿ ಗೆರೆಗಳು ಉದ್ದಕ್ಕೆ ಓಡುತ್ತವೆ. ಗಾಜಿನಲ್ಲಿ ಇಂಥ ಗೆರೆ ಇರುವುದೇ ಇಲ್ಲ. ಮೊಬೈಲ್ ಟಾರ್ಚ್ ಹಿಂದಿನಿಂದ ಹಿಡಿದರೆ ಗಾಜಿನೊಳಗೆ ದುಂಡನೆಯ ಗುಳ್ಳೆಗಳು ಸಿಗಬಹುದು.

ಒಂದು ದಿನ ಅದನ್ನು ತೂಗಿಯೂ ನೋಡಿದೆ. ಬಂಗಾರದಂಗಡಿಯ ತಕ್ಕಡಿಯಲ್ಲಿ 53 ಗ್ರಾಂ ಬಂತು. ಮನೆಗೆ ಬಂದು, ಮಗುವಿಗೆ ಹಾಲು ಕುಡಿಸುವ ಅಗಲ ಬಾಯಿಯ ಬಾಟಲಿಯಲ್ಲಿ 100 ಮಿಲಿ ನೀರು ತುಂಬಿ, ಕಲ್ಲನ್ನು ಮೆಲ್ಲಗೆ ಇಳಿಬಿಟ್ಟೆ. ನೀರು 120ರ ಗೆರೆಗೆ ಏರಿತು. 53ನ್ನು 20ರಿಂದ ಭಾಗಿಸಿದರೆ 2.65. ಬೆಣಚುಕಲ್ಲಿನ ಸಾಂದ್ರತೆ ಸರಿಯಾಗಿ ಅಷ್ಟೇ. ಇಷ್ಟೇ ದೊಡ್ಡ ಟೋಪಾಜ್ ಆಗಿದ್ದರೆ 70 ಗ್ರಾಂ ತೂಗುತ್ತಿತ್ತು. ನಿಜವಾದ ಪುಷ್ಯರಾಗ, ಅಂದರೆ ಹಳದಿ ನೀಲಮಣಿ ಜಾತಿಯದು, 80 ಗ್ರಾಂ ಮುಟ್ಟುತ್ತಿತ್ತು. ಗುರುಬಲಕ್ಕೆ ಅಂತ ಉಂಗುರ ಮಾಡಿಸುವವರಿಗೆ ಪುಷ್ಯರಾಗದ ಬದಲು ಸುನೇಲಾ ಅಂತ ಕೊಡುವುದು ಈ ಸಿಟ್ರಿನ್ ಅನ್ನೇ. ಕೊಳ್ಳುವವರಿಗೆ ಅದು ಗೊತ್ತಿದ್ದರೆ ತೊಂದರೆ ಇಲ್ಲ. ಆದರೆ ಒಂದು ಮಾತು ನೆನಪಿಡಿ. ಕಾಯಿಸಿದ ಅಮೆಥಿಸ್ಟ್ ಕೂಡ ಬೆಣಚುಕಲ್ಲೇ ಆದ್ದರಿಂದ ಅದಕ್ಕೂ 2.65 ಬರುತ್ತದೆ. ತಕ್ಕಡಿ ಜಾತಿ ಹೇಳುತ್ತದೆ, ಭಟ್ಟಿಗೆ ಹೋಗಿ ಬಂದದ್ದನ್ನು ಹೇಳುವುದಿಲ್ಲ. ಅದಕ್ಕೆ ಬುಡವನ್ನೇ ನೋಡಬೇಕು.

ನಮ್ಮ ಕಡೆಯವರು ಬೀಳುವ ಇನ್ನೊಂದು ಗುಂಡಿ ಇದೆ. ನನ್ನ ಅಕ್ಕನ ಮಗ ಒಂದು ಸಂಜೆ ಓಡಿ ಬಂದ. "ಮಾಮಾ, ನಮ್ಮ ಹೊಲದಾಗ ಸಿಟ್ರಿನ್ ಸಿಕ್ಕೈತಿ!" ಕೈಯಲ್ಲಿ ಹಳದಿ ಬೆಣಚುಕಲ್ಲು. ನೋಡಲು ನಿಜಕ್ಕೂ ಚೆಂದ ಇತ್ತು. ಹಳೇ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಂದು ಏಟು ಕೊಟ್ಟೆವು. ಒಳಗೆ ಬೆಳ್ಳಗೆ, ಕಲ್ಲುಸಕ್ಕರೆ ಇದ್ದ ಹಾಗೆ. ಹಳದಿ ಇದ್ದದ್ದು ಮೇಲಿನ ತೆಳು ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಅದು ಕಬ್ಬಿಣದ ತುಕ್ಕಿನ ಕಲೆ. ಸಂಡೂರಿನ ಬೆಟ್ಟಗಳಲ್ಲಿ ಅದಿರಾಗಿ ಕೂತಿರುವ ಕಬ್ಬಿಣವೇ ನಮ್ಮ ಸೀಮೆಯ ಕೆಂಪು ಮಣ್ಣಲ್ಲೂ ಇದೆ. ಮಳೆನೀರು ಅದನ್ನು ಹೊತ್ತು ಕಲ್ಲಿನ ಸಂದಿಗೆ ಇಳಿಯುತ್ತದೆ. ಸಿಟ್ರಿನ್‌ನಲ್ಲಿ ಬಣ್ಣ ಕಲ್ಲಿನ ಮೈಯೊಳಗೇ ಕರಗಿದಂತಿರುತ್ತದೆ, ಬಿರುಕು ಹಿಡಿದು ಓಡುವುದಿಲ್ಲ. ಬಣ್ಣ ಹಾಕಿ ಮಾರುವ ನಕಲಿ ಕಲ್ಲಿನಲ್ಲೂ ಬಣ್ಣ ಹೀಗೆ ಬಿರುಕುಗಳಲ್ಲೇ ಜಾಸ್ತಿ ನಿಂತಿರುತ್ತದೆ.

ಹುಡುಗ ಮುಖ ಸಪ್ಪಗೆ ಮಾಡಿದ. ಅವನನ್ನು ಆನೆಗೊಂದಿ ಕಡೆ ಕರೆದುಕೊಂಡು ಹೋಗಿ ಬಂಡೆಗಳನ್ನು ತೋರಿಸಿದೆ. ನಮ್ಮದು ಗ್ರಾನೈಟ್ ನಾಡು. ರಾಮನಗರದ ಕಡೆಯಿಂದ ಉತ್ತರಕ್ಕೆ ನಮ್ಮ ಸೀಮೆಯವರೆಗೂ ಹಬ್ಬಿರುವ ಒಂದು ಗ್ರಾನೈಟ್ ಪಟ್ಟಿ ಇದೆ. ರಾಮನಗರದ ಹಳೆಯ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ನಿಧಾನವಾಗಿ ಆರಿದ ಬಂಡೆ, ಹಾಗಾಗಿ ಲಾವಾದ ಗುಳ್ಳೆಗಳು ಇದರಲ್ಲಿ ಇಲ್ಲ. ಅತ್ತಿಗೆಯ ಕಲ್ಲಿನಂಥ ಪೊಟರೆ ಬೇಕಾದರೆ ಬಸಾಲ್ಟ್ ಇರುವಲ್ಲಿಗೆ ಹೋಗಬೇಕು. ವಿಜಯಪುರದಿಂದ ಆಚೆ ಅದೇ ಇದೆ, 6.6 ಕೋಟಿ ವರ್ಷ ಹಿಂದಿನ ಲಾವಾ. ಮಹಾರಾಷ್ಟ್ರದಲ್ಲಿ ಅದರೊಳಗಿನ ಪೊಟರೆಗಳಲ್ಲಿ ಅಮೆಥಿಸ್ಟ್ ಸಿಗುತ್ತದೆ. ಗ್ರಾನೈಟ್‌ನಲ್ಲಿ ಹರಳು ಬೆಳೆಯುವುದು ಬಿರುಕು, ಪೊಳ್ಳು ಜಾಗಗಳಲ್ಲಿ. ಅಲ್ಲಿ ಜಾಗ ಸಿಕ್ಕರೆ ಒಂಟಿಯಾಗಿ ಉದ್ದಕ್ಕೆ ಬೆಳೆಯಬಲ್ಲದು.

ಕತ್ತರಿಸಿ ಹೊಳಪು ಕೊಟ್ಟ ಕಲ್ಲಿನಲ್ಲಿ ಈ ಗುರುತುಗಳೆಲ್ಲ ಹೋಗಿಬಿಡುತ್ತವೆ. ಬುಡವೂ ಇಲ್ಲ, ಗೆರೆಯೂ ಇಲ್ಲ. ಆಗ ಪ್ರಯೋಗಾಲಯವೇ ಗತಿ. ಅಮೆಥಿಸ್ಟ್ ಒಳಗಿನ ಜೋಡಿ ಹರಳಿನ ವಿನ್ಯಾಸ ಕಾಯಿಸಿದ ಮೇಲೂ ಉಳಿಯುತ್ತದೆ. ವಿಶೇಷ ಬೆಳಕಿನಲ್ಲಿ ಅದನ್ನು ಅವರು ಹುಡುಕುತ್ತಾರೆ. ಜಾಸ್ತಿ ದುಡ್ಡು ಕೊಡುವುದಾದರೆ ಅಂಥ ಪರೀಕ್ಷೆಯ ಚೀಟಿ ಕೇಳಿ, ಸಂಕೋಚ ಬೇಡ.

ಈ ವರ್ಷದ ಜಾತ್ರೆಗೆ ಅತ್ತಿಗೆ ಜೊತೆ ನಾನೂ ಹೋಗಿದ್ದೆ. ಇನ್ನೊಂದು ಅಂಗಡಿಯಲ್ಲಿ ಅಂಥದ್ದೇ ಕಿತ್ತಳೆ ಕಲ್ಲು. ಅತ್ತಿಗೆ ಅದನ್ನು ಎತ್ತಿ, ತಿರುಗಿಸಿ, ಬುಡ ನೋಡಿದರು. "ಇದು ಕಾಸಿದ್ದು ಹೌದಿಲ್ರೀ ಅಣ್ಣಾರ?" ಅಂತ ಮೆಲ್ಲಗೆ ಕೇಳಿದರು. ಆತ ಒಂದು ಕ್ಷಣ ನಮ್ಮಿಬ್ಬರ ಮುಖ ನೋಡಿ "ಹೌದ್ರೀ ಅಕ್ಕಾರ, ಕಾಸಿದ್ದ" ಅಂದ. ಕೆಳಗಿನ ಡಬ್ಬಿಯಿಂದ ಕಾಯಿಸದ ನೇರಳೆ ಕಲ್ಲೊಂದನ್ನು ತೆಗೆದು ಪಕ್ಕಕ್ಕಿಟ್ಟ. ಅದರ ಬುಡವೂ ಬಿಳಿಯೇ ಇತ್ತು. ಅತ್ತಿಗೆ ಅದನ್ನೇ ಕೊಂಡರು. ಈಗ ಎರಡೂ ಕಲ್ಲು ಅವರ ಮನೆಯ ಕಟ್ಟೆ ಮೇಲೆ ಅಕ್ಕಪಕ್ಕ ಕೂತಿವೆ.