ಹಾವು ಹರಿದ ಕಲ್ಲಲ್ಲ, ಹೊಳೆ ಹರಿದ ಕಲ್ಲು

ಮಂಡ್ಯದ ನಮ್ಮ ಅತ್ತೆಯ ದೇವರಮನೆಯಲ್ಲಿ ಅಂಗೈಯಗಲದ ಕೆಂಗಲ್ಲೊಂದಿದೆ. ಬಾದಾಮಿ ಕಡೆಯ ರಸ್ತೆಬದಿಯಲ್ಲಿ ಸಿಕ್ಕಿದ್ದು. ಮೈಮೇಲೆ ಸಾಲುಸಾಲು ಅಲೆಯಂಥ ಗೆರೆ. ದಿನವೂ ಅರಿಸಿನ ಕುಂಕುಮ. “ನಾಗಪ್ಪ ಹರಿದಿರೋ ಗುರುತು ಕಣಪ್ಪ” ಅಂತಾರೆ ಅತ್ತೆ. ಅವರ ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ಬಾದಾಮಿಯ ಮರಳುಗಲ್ಲು 50 ಕೋಟಿ ವರ್ಷಕ್ಕೂ ಹಳೆಯದು. ಆ ಗೆರೆ ಮೂಡಿದಾಗ ಭೂಮಿಯ ಮೇಲೆ ಹಾವೇ ಹುಟ್ಟಿರಲಿಲ್ಲ! ಮನೆಯ ಮಕ್ಕಳು ನಾಗಪ್ಪನ ಕಥೆಯನ್ನೇ ನಿಜವೆಂದು ನಂಬಿ ಬೆಳೆಯುವುದು ನನಗೆ ಸಂಕಟ.

ಮರಳುಗಲ್ಲೆಂದರೆ 0.06ರಿಂದ 2 ಮಿಲಿಮೀಟರ್ ಗಾತ್ರದ ಕಾಳುಗಳು ಅಂಟಿಕೊಂಡು ಆದ ಕಣಶಿಲೆ. ಗುಟ್ಟೆಲ್ಲ ಆ ಅಂಟಿನಲ್ಲಿದೆ. ಪುರಿಉಂಡೆ ನೆನೆಸಿಕೊಳ್ಳಿ. ಪುರಿಯೇ ಮರಳು, ಬೆಲ್ಲದ ಪಾಕವೇ ಅಂಟು, ಮೇಲೆ ಬಿದ್ದ ಹೂಳಿನ ಭಾರವೇ ಉಂಡೆ ಕಟ್ಟುವ ಕೈ. ಕಾಳುಗಳ ಸಂದಿಯಲ್ಲಿ ಜಿನುಗುವ ನೀರು ತನ್ನಲ್ಲಿ ಕರಗಿದ ಸಿಲಿಕಾ, ಸುಣ್ಣ ಅಥವಾ ಕಬ್ಬಿಣದ ಅಂಶವನ್ನು ಅಲ್ಲೇ ಬಿಟ್ಟುಹೋಗುತ್ತದೆ. ಪಾಕ ಎಳೆಯದಾದರೆ ಉಂಡೆ ಉದುರುತ್ತದೆ. ಇಂಥ ಕಲ್ಲನ್ನು ಉಗುರಲ್ಲಿ ಕೆರೆದರೂ ಕಾಳು ಬರುತ್ತವೆ. ಸಿಲಿಕಾ ಪಾಕವಾದರೆ ಸುತ್ತಿಗೆಯೇ ಬೇಕು. ಕೆಂಪು ಕೂಡ ಬಹುಮಟ್ಟಿಗೆ ಕಾಳಿನದಲ್ಲ, ಅದಕ್ಕೆ ಮೆತ್ತಿದ ಕಬ್ಬಿಣದ ತುಕ್ಕಿನದು. ಬೆಲ್ಲ ಪುರಿಗೆ ಬಣ್ಣ ಹಚ್ಚುವಂತೆ.

ಆದ್ದರಿಂದ ಗುರುತಿಸಲು ಬೆರಳು ಸಾಕು. ಒಡೆದ ಮುಖ ಸವರಿ, ಉಪ್ಪಿನಕಾಗದದಂತೆ ತರಿತರಿ. ಒಂದು ಹನಿ ನೀರು ಬಿಡಿ, ಅಂಟು ಸಡಿಲವಿದ್ದರೆ ಹೀರಿಕೊಳ್ಳುತ್ತದೆ. ಚಾಮುಂಡಿ ಬೆಟ್ಟದ ಗ್ರಾನೈಟ್ ಹೀಗಲ್ಲ. ಅದು ಶಿಲಾರಸ ತಣಿಯುವಾಗ ಹರಳುಗಳು ಒಂದಕ್ಕೊಂದು ಹೆಣೆದುಕೊಂಡದ್ದು, ಅದರಲ್ಲಿ ಪಾಕವೇ ಇಲ್ಲ. ಸೋಮನಾಥಪುರದ್ದು ಬಳಪದ ಕಲ್ಲು, ಸೋಪಿನಷ್ಟು ನುಣುಪು. 13ನೇ ಶತಮಾನದ ಹೊಯ್ಸಳ ಶಿಲ್ಪಿಗಳು ಅದರಲ್ಲಿ ಹಾರದ ಒಂದೊಂದು ಮಣಿಯನ್ನೂ ಬಿಡಿಸಿದರು. ಅದಕ್ಕೂ ಏಳು ಶತಮಾನ ಮೊದಲು, 578ರಲ್ಲಿ, ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಬಾದಾಮಿಯ ಮೂರನೇ ಗುಹೆಯನ್ನು ಕೊರೆಸಿದ್ದು ಮರಳುಗಲ್ಲಿನಲ್ಲಿ. ಅಲ್ಲಿಯ ಗುಹೆಗಳ ಕಲ್ಲಿನಲ್ಲಿ ಪದರದ ಪಟ್ಟೆಗಳು ಇಂದಿಗೂ ಕಾಣುತ್ತವೆ.

ಇನ್ನು ಆ ಗೆರೆ. ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋಗಿ, ನೀರು ಇಳಿದ ಅಂಚಿನ ಮರಳು ನೋಡಿ. ಅದೇ ಅಲೆ, ಅದೇ ಸಾಲು. ಹರಿವ ನೀರು ಮರಳನ್ನು ಏರಿಸಿ ಆಚೆ ಬೀಳಿಸುತ್ತದೆ. ನೀರು ಬರುವ ಕಡೆ ಇಳಿಜಾರು, ಹೋಗುವ ಕಡೆ ಕಡಿದು. ಅತ್ತೆಯ ಕಲ್ಲನ್ನು ದೀಪದ ಬೆಳಕಿಗೆ ಓರೆಯಾಗಿ ಹಿಡಿದೆ. ಪ್ರತಿ ಗೆರೆಯ ಬಲಬದಿ ಕಡಿದು. ನಾನು ಹಿಡಿದಿದ್ದಂತೆ, ಆ ಹೊಳೆ ಎಡದಿಂದ ಬಲಕ್ಕೆ ಹರಿದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು, ಬೆರಳಿಂದ ಗೆರೆಗಳನ್ನು ಒಂದೊಂದಾಗಿ ಸವರಿ ನೋಡಿದರು.